ತಾಯಿ ಹಾಲಿಗೆ ಮುದ್ದು ಮಾತಿನ ಮುಸುಕೇಕೆ?

ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಹೊರಡುವ ಬಸ್ಸುಗಳು ಬೆಳಗಿನ ಹೊತ್ತು ತುಂಬಿ ತುಳುಕುತ್ತವೆ. ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋಗುವವರು, ವಿದುರಾಶ್ವತ್ಥದಲ್ಲಿ ಹರಕೆ ತೀರಿಸಲು ಹೊರಟವರು, ಗಡಿಯಾಚೆಯ ನೆಂಟರ ಮನೆಗೆ ಹೋಗುವವರು ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿರುತ್ತಾರೆ. ಇಂಥ ಬಸ್ಸಿನಲ್ಲಿ ಕೈಗೂಸೊಂದು ಹಸಿದು ಅಳತೊಡಗಿದರೆ ಸುತ್ತಲಿನವರು ಆಡುವ ಮಾತುಗಳನ್ನು ಗಮನಿಸಬೇಕು. ‘ಹಸ್ಕೊಂಡೈತೆ, ಎದೆಗೆ ಹಾಕ್ಕೊಳಮ್ಮ’ ಎನ್ನುತ್ತಾಳೆ ಪಕ್ಕದ ಸೀಟಿನ ಅಜ್ಜಿ. ‘ಅತ್ತಿಗೆ, ಫೀಡ್ ಮಾಡ್ಬಿಡಿ’ ಎಂದು ಕಿವಿಯಲ್ಲಿ ಪಿಸುಗುಡುತ್ತಾಳೆ ಕಾಲೇಜು ಓದಿದ ನಾದಿನಿ. ತೆಲುಗು ಮನೆಮಾತಿನ ಇನ್ನೊಬ್ಬಾಕೆ ‘ಪಾಲಿವ್ವಮ್ಮಾ’ ಎನ್ನುತ್ತಾಳೆ. ಗಂಡಸರು ಏನೂ ಅನ್ನದೆ ಕಿಟಕಿಯಾಚೆ ನೋಡುತ್ತಾರೆ. ಇನ್ನು ಅಳುತ್ತಿರುವುದು ಎರಡು ವರ್ಷದ, ಮಾತು ಕಲಿತ ಮಗುವಾದರೆ ಅದು ತನ್ನ ಮನೆಯಲ್ಲಷ್ಟೇ ಚಲಾವಣೆಯಲ್ಲಿರುವ ಮುದ್ದಿನ ಪದವೊಂದನ್ನು ಬಸ್ಸಿಗೆಲ್ಲ ಕೇಳುವಂತೆ ಕೂಗುತ್ತದೆ. ತಾಯಿಯ ಮುಖ ಕೆಂಪಾಗುತ್ತದೆ.

ಇಷ್ಟು ಮಾತುಗಳಲ್ಲಿ ಕನ್ನಡದ ಹಳೆಯ, ನೇರವಾದ ಪದವೊಂದು ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ. ಅದು ‘ಮೊಲೆ’. ಮೊಲೆ ಕೊಡುವುದು, ಮೊಲೆಯೂಡುವುದು, ಮೊಲೆಗೂಸು ಎಂಬ ಮಾತುಗಳು ನಿಘಂಟಿನಲ್ಲಿವೆ, ಬಸ್ಸಿನಲ್ಲಿಲ್ಲ. ಅವುಗಳ ಜಾಗದಲ್ಲಿ ಮುದ್ದು ಮಾತು, ಸಂಸ್ಕೃತ, ಇಂಗ್ಲಿಷು, ಇಲ್ಲವೇ ಮೌನ ಬಂದು ಕುಳಿತಿವೆ.

ಮಗುವಿಗೆ ಹಾಲುಣಿಸುವ ಕೆಲಸಕ್ಕೆ ದೊಡ್ಡವರು ತೊದಲು ಮಾತಿನ ಹೆಸರಿಡುವುದು ಕೆಲವರಿಗೆ ಹಿತವೆನಿಸುತ್ತದೆ, ಕೆಲವರಿಗೆ ಮುಜುಗರ. ಇದು ಕೇವಲ ರುಚಿಯ ಪ್ರಶ್ನೆ ಎಂದು ತಳ್ಳಿಹಾಕಬಹುದೇ? ಹಾಗೆ ನೋಡಿದರೆ ಈ ಸಣ್ಣ ಪದಗಳ ಹಿಂದೆ ದೊಡ್ಡ ಚರಿತ್ರೆಯೇ ಇದೆ. ತಾಯಂದಿರ ಆರೋಗ್ಯ ಮತ್ತು ಹಕ್ಕುಗಳೂ ಅದರಲ್ಲಿ ತಳುಕು ಹಾಕಿಕೊಂಡಿವೆ.

ತೊದಲು ಮಾತು ಮಕ್ಕಳದ್ದಲ್ಲ!

ಬುವ್ವ, ಮಮ್ಮು, ತಾಚಿ, ಚೀಚಿ, ಬೌಬೌ. ಕನ್ನಡದ ಮನೆಗಳಲ್ಲಿ ಹಸುಮಕ್ಕಳೊಂದಿಗೆ ಬಳಸುವ ಈ ಪದಗಳನ್ನು ಮಕ್ಕಳೇ ಹುಟ್ಟಿಸಿದವು ಎಂದು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ಅವನ್ನು ಮಕ್ಕಳಿಗೆ ಕಲಿಸುವವರು ದೊಡ್ಡವರು. ಅಜ್ಜಿ ತಾಯಿಗೆ, ತಾಯಿ ಮಗಳಿಗೆ ದಾಟಿಸಿದ ಈ ಪದಗಳು ತಲೆಮಾರುಗಳಿಂದ ಹೆಚ್ಚೇನೂ ಬದಲಾಗದೆ ಉಳಿದಿವೆ. ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗ್ಯುಸನ್ 1964ರಲ್ಲಿ ಆರು ಭಾಷೆಗಳ ಶಿಶುಮಾತನ್ನು ಹೋಲಿಸಿ ನೋಡಿದರು. ಅವುಗಳಲ್ಲಿ ನಮ್ಮ ನೆರೆಯ ಮರಾಠಿಯೂ ಒಂದು. ಎಲ್ಲ ಕಡೆಯೂ ಶಿಶುಮಾತಿನ ಜಾಯಮಾನ ಒಂದೇ: ಸುಲಭದ ಅಕ್ಷರಗಳು, ಜೋಡಿಯಾಗಿ ಮರುಕಳಿಸುವ ಧ್ವನಿಗಳು, ವಿಷಯವೆಂದರೆ ಊಟ, ನಿದ್ದೆ, ಮೈ, ನೆಂಟರು ಮತ್ತು ಪ್ರಾಣಿಗಳು.

ಮಗುವಿನ ಮೊದಲ ಊಟವೆಂದರೆ ತಾಯಿಯ ಹಾಲು. ಆದ್ದರಿಂದ ಅದಕ್ಕೊಂದು ಶಿಶುಮಾತು ಇಲ್ಲದ ಭಾಷೆ ಅಪರೂಪ. ಕರಾವಳಿಯ ಅನೇಕ ಮನೆಗಳಲ್ಲಿ ಅದು ‘ಅಮ್ಮಿ’. ಈ ಪದಕ್ಕೆ ದೀರ್ಘ ವಂಶಾವಳಿಯಿದೆ. ಆಳ್ವಾರರಲ್ಲಿ ಒಬ್ಬರಾದ ಪೆರಿಯಾಳ್ವಾರರ ತಮಿಳು ಪಾಶುರಗಳಲ್ಲಿ ಯಶೋದೆ ಕೃಷ್ಣನಿಗೆ ಮೊಲೆಯೂಡುವ ಪ್ರಸಂಗ ಬರುತ್ತದೆ. ಮಗನ ಅತಿಮಾನುಷ ಲೀಲೆಗಳನ್ನು ಕಂಡ ಆಕೆ, ಅವನನ್ನು ಎದೆಗೆ ಹಾಕಿಕೊಳ್ಳಲು ತನಗೆ ಭಯವಾಗುತ್ತದೆ ಎನ್ನುತ್ತಾಳೆ. ಅಲ್ಲಿ ಬಳಕೆಯಾಗಿರುವುದು ‘ಅಮ್ಮಂ’ ಎಂಬ ಶಿಶುಮಾತೇ. ಸಾವಿರ ವರ್ಷಗಳಾಚೆ, ದೇವರ ಮುಂದೆ ಹಾಡುವ ಪದ್ಯದಲ್ಲಿಯೂ ತೊದಲು ಮಾತಿಗೆ ಜಾಗವಿತ್ತು ಎಂಬುದು ಗಮನಾರ್ಹ. ಅಂದಮೇಲೆ ಮುದ್ದು ಮಾತು ಇಂದಿನ ಚಾಳಿ ಎಂಬ ದೂರಿಗೆ ಆಧಾರವಿಲ್ಲ.

ಪ್ರಸಿದ್ಧ ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್ ಇದರ ಮೂಲವನ್ನು ಇನ್ನೂ ಆಳಕ್ಕೆ ಒಯ್ದರು. ಲೋಕದ ಇಷ್ಟೊಂದು ಭಾಷೆಗಳಲ್ಲಿ ತಾಯಿಯನ್ನು ಕರೆಯುವ ಪದದಲ್ಲಿ ‘ಮ’ಕಾರ ಏಕಿದೆ ಎಂಬ ಪ್ರಶ್ನೆಗೆ ಅವರು 1960ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಉತ್ತರಿಸಿದ್ದಾರೆ. ಹಾಲು ಕುಡಿಯುತ್ತಿರುವ ಮಗುವಿನ ತುಟಿ ಮೊಲೆಯನ್ನು ಒತ್ತಿಕೊಂಡಿರುತ್ತದೆ, ಬಾಯಿ ತುಂಬಿರುತ್ತದೆ. ಆಗ ಅದು ಹೊರಡಿಸಬಹುದಾದ ದನಿ ಮೂಗಿನಿಂದ ಬರುವ ‘ಮ್’ ಒಂದೇ. ಮುಂದೆ ಹಸಿವಾದಾಗ, ಹಾಲು ಕಂಡಾಗ, ಕೊನೆಗೆ ಹಾಲು ಕೊಡುವವಳನ್ನು ಕಂಡಾಗಲೂ ಅದೇ ದನಿ ಹೊರಡುತ್ತದೆ. ಈ ವಿವರಣೆಯನ್ನು ಒಪ್ಪುವುದಾದರೆ, ‘ಅಮ್ಮ’ ಎಂಬ ಕರೆಯೇ ಮೊಲೆಯೂಡುವ ಹೊತ್ತಿನಲ್ಲಿ ಹುಟ್ಟಿದ್ದು.

ಲ್ಯಾಟಿನ್ ಭಾಷೆಯಲ್ಲಿ ‘ಮಮ್ಮ’ ಎಂದರೆ ಮೊಲೆ. ಸ್ವೀಡನ್ನಿನ ಜೀವವಿಜ್ಞಾನಿ ಕಾರ್ಲ್ ಲಿನೇಯಸ್ 1758ರಲ್ಲಿ ಹಾಲೂಡಿಸುವ ಪ್ರಾಣಿಗಳ ಗುಂಪಿಗೆ ಈ ಪದದಿಂದಲೇ ಹೆಸರಿಟ್ಟ. ಅದಕ್ಕೆ ಮೊದಲು ಆ ಗುಂಪಿಗೆ ‘ನಾಲ್ಕು ಕಾಲಿನವು’ ಎಂಬರ್ಥದ ಹೆಸರಿತ್ತು. ಶ್ರೀಮಂತರು ತಮ್ಮ ಮಕ್ಕಳನ್ನು ಕೂಲಿಯ ದಾದಿಯರ ಹಾಲಿಗೆ ಒಪ್ಪಿಸುತ್ತಿದ್ದ ಪದ್ಧತಿಯನ್ನು ಲಿನೇಯಸ್ ಕಟುವಾಗಿ ಟೀಕಿಸಿದವನೂ ಹೌದು. ಆತ ಇಟ್ಟ ಹೆಸರು ಕನ್ನಡಕ್ಕೆ ‘ಸಸ್ತನಿ’ಯಾಗಿ ಬಂತು. ಸಸ್ತನಿ ಎಂದರೆ ಸ್ತನವುಳ್ಳದ್ದು ಎಂದರ್ಥ. ನಮ್ಮ ಶಾಲೆಗಳಲ್ಲಿ ಹುಡುಗರೂ ಹುಡುಗಿಯರೂ ಈ ಪದವನ್ನು ಗಟ್ಟಿಯಾಗಿ ಓದುತ್ತಾರೆ. ಯಾರೂ ನಗುವುದಿಲ್ಲ. ಅದೇ ಅರ್ಥದ ಕನ್ನಡ ಪದವನ್ನು ಹೇಳಿದರೆ ಮಾತ್ರ ಹಿಂದಿನ ಬೆಂಚಿನಿಂದ ನಗೆ ತೂರಿಬರುತ್ತದೆ. ನಾಚಿಕೆ ಇರುವುದು ಅರ್ಥದಲ್ಲಿ ಅಲ್ಲ, ಭಾಷೆಯ ಆಯ್ಕೆಯಲ್ಲಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಸುವಿಗಿಲ್ಲದ ನಾಚಿಕೆ

ಕನ್ನಡಕ್ಕೆ ಈ ನಾಚಿಕೆ ಹುಟ್ಟಿನಿಂದ ಬಂದದ್ದಲ್ಲ. ನಾಡಿನ ಮಕ್ಕಳೆಲ್ಲ ಬಾಯಿಪಾಠ ಮಾಡಿದ ‘ಗೋವಿನ ಹಾಡು’ ಕಥೆ ನಡೆಯುವುದೇ ಮೊಲೆಹಾಲಿನ ಸುತ್ತ. ಹುಲಿಯ ಕೈಗೆ ಸಿಕ್ಕ ಪುಣ್ಯಕೋಟಿ ಕೇಳುವುದು ಕರುವಿಗೆ ಕೊನೆಯ ಬಾರಿ ಹಾಲು ಕೊಟ್ಟು ಬರುವಷ್ಟು ಅವಕಾಶವನ್ನು. ಇನ್ನು ಮುಂದೆ ತಾನು ಹಾಲಿಗೆ ಯಾರ ಬಳಿ ಹೋಗಲಿ ಎಂದು ಕರು ಗೋಳಾಡುತ್ತದೆ. ಆ ಮಾತಿನಲ್ಲಿ ಮೊಲೆ ಎಂಬ ಪದ ನೇರವಾಗಿಯೇ ಇದೆ. ಅದನ್ನು ತರಗತಿಯಲ್ಲಿ ಹಾಡಿ ಕಣ್ಣೀರು ಹಾಕಿದವರಿದ್ದಾರೆ, ಮುಖ ಮುಚ್ಚಿಕೊಂಡವರಿಲ್ಲ.

ಹನ್ನೆರಡನೆಯ ಶತಮಾನದ ಬಸವಣ್ಣನವರ ಪ್ರಸಿದ್ಧ ವಚನವೊಂದರಲ್ಲಿಯೂ ಈ ಪದ ಬರುತ್ತದೆ. ಕಾಪಾಡಬೇಕಾದುದೇ ಕೊಲ್ಲತೊಡಗಿದರೆ ಯಾರಲ್ಲಿ ದೂರುವುದು ಎಂದು ಕೇಳುವಾಗ ಅವರು ಕೊಡುವ ಉದಾಹರಣೆಗಳಲ್ಲಿ ನಂಜಾಗಿಬಿಟ್ಟ ತಾಯಿಯ ಮೊಲೆಹಾಲೂ ಒಂದು. ನಂಬಿಕೆಯ ಕೊನೆಯ ನೆಲೆಯನ್ನು ಸೂಚಿಸಲು ಅವರಿಗೆ ಸಿಕ್ಕ ಪದ ಅದು. ಅದನ್ನು ಮರೆಮಾಚುವ ಅಗತ್ಯ ಅವರಿಗೆ ಕಾಣಲಿಲ್ಲ. ಮೊಲೆಯಲ್ಲಿ ವಿಷವಿಟ್ಟುಕೊಂಡು ಬಂದ ಪೂತನಿಯ ಕಥೆಯನ್ನು ಹರಿಕಥೆ, ಬಯಲಾಟಗಳಲ್ಲಿ ಊರಿಗೆ ಊರೇ ಕುಳಿತು ಕೇಳಿದೆ.

ಇಂದಿಗೂ ಹಳ್ಳಿಯಲ್ಲಿ ಈ ಪದ ಸತ್ತಿಲ್ಲ, ಆದರೆ ಅದರ ವ್ಯಾಪ್ತಿ ಕುಗ್ಗಿದೆ. ಹೈನುಗಾರಿಕೆ ಮನೆಮನೆಯ ಕಸುಬಾಗಿರುವ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಹಾಲಿನ ಡೇರಿಯ ಮುಂದೆ ನಿಂತವರ ಮಾತು ಕೇಳಿದರೆ ಇದು ತಿಳಿಯುತ್ತದೆ. ಹಸುವಿನ ಮೊಲೆ ಬಿರಿದಿದೆ, ಒಂದು ಮೊಲೆಯಲ್ಲಿ ಹಾಲಿಳಿಯುತ್ತಿಲ್ಲ, ಕೆಚ್ಚಲು ಬಾವು ಬಂದಿದೆ ಎಂದು ಹೆಂಗಸರು, ಗಂಡಸರು ಯಾವ ಅಳುಕೂ ಇಲ್ಲದೆ ಪಶುವೈದ್ಯರಿಗೆ ವಿವರಿಸುತ್ತಾರೆ. ಯಾವ ಮೊಲೆ, ಎಂದಿನಿಂದ, ಹಾಲಿನ ಬಣ್ಣ ಹೇಗಿದೆ ಎಂಬ ಪ್ರಶ್ನೆಗಳಿಗೆ ತಕ್ಷಣ ಉತ್ತರ ಸಿಗುತ್ತದೆ. ಅದೇ ಮನೆಯ ಬಾಣಂತಿಗೆ ಅದೇ ತೊಂದರೆಯಾದರೆ ‘ಯಾಕೋ ಎದೆ ನೋವಂತೆ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಹಸುವಿನ ಕಾಯಿಲೆಗೆ ಸಿಗುವ ಸ್ಪಷ್ಟ ಮಾತು ಹೆಂಗಸಿನ ಕಾಯಿಲೆಗೆ ಸಿಗದಂತಾಗಿದೆ.

ಎರಡು ನುಡಿಗಳ ನಡುವೆ

ಕುಡುಮಲಕುಂಟೆಯ ಸೀಮೆ ಕನ್ನಡ, ತೆಲುಗು ಎರಡೂ ಬೆರೆತು ಬಾಳುವ ಜಾಗ. ಊರಿನ ಹೆಸರಿನಲ್ಲೇ ತೆಲುಗಿನ ಸದ್ದಿದೆ. ತೆಲುಗಿನಲ್ಲಿ ‘ಕುಡುಮು’ ಎಂದರೆ ಕಡುಬು. ಇಲ್ಲಿನವರಿಗೆ ಈ ಪದಗಳ ಸಂಬಂಧ ಮತ್ತಷ್ಟು ಸ್ವಾರಸ್ಯಕರವಾಗಿ ಕಾಣುತ್ತದೆ. ಕನ್ನಡದ ಮೊಲೆ, ತಮಿಳಿನ ಮುಲೈ, ಮಲಯಾಳದ ಮುಲ ಇವೆಲ್ಲ ಒಂದೇ ಬೇರಿನಿಂದ ಬಂದವು. ತೆಲುಗಿನಲ್ಲಿ ಮಾತ್ರ ‘ಮೊಲ’ ಎಂದರೆ ಸೊಂಟ. ‘ಮೊಲತಾಡು’ ಎಂದರೆ ಉಡಿದಾರ. ಮೊಲೆಗೆ ತೆಲುಗಿನಲ್ಲಿ ‘ಚನ್ನು’ ಎನ್ನುತ್ತಾರೆ. ಎದೆಹಾಲು ಕುಡಿಯುವ ಕೂಸು ‘ಚಂಟಿ ಬಿಡ್ಡ’. ಅದು ಕನ್ನಡದ ‘ಮೊಲೆಗೂಸು’ ಎಂಬುದಕ್ಕೆ ಸಮನಾದ ಮಾತು. ‘ಚಂಟಿ’ ಎಂಬುದರ ಮೂಲ ಏನೆಂಬುದನ್ನು ಮರೆತು ಅದನ್ನು ಮುದ್ದಿನ ಹೆಸರಾಗಿಯೂ ಇಟ್ಟುಕೊಂಡವರುಂಟು. ಒಂದೇ ಬೀದಿಯ ಎರಡು ಮನೆಗಳಲ್ಲಿ ಒಂದು ಭಾಷೆಯ ನೇರ ಪದ ಮುದ್ದಾಗಿದೆ, ಇನ್ನೊಂದು ಭಾಷೆಯ ನೇರ ಪದ ಮೈಲಿಗೆಯಾಗಿದೆ.

ಕೇರಳದ ಸಂಗತಿ ಬೇರೆ. ಅಲ್ಲಿ ‘ಮುಲಪ್ಪಾಲ್’, ‘ಮುಲಯೂಟ್ಟಲ್’ ಎಂಬ ಪದಗಳೇ ಆಸ್ಪತ್ರೆಯ ಫಲಕಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಬಳಕೆಯಾಗುತ್ತವೆ. 2018ರಲ್ಲಿ ‘ಗೃಹಲಕ್ಷ್ಮಿ’ ಎಂಬ ಮಲಯಾಳಂ ಮಹಿಳಾ ಪತ್ರಿಕೆ ಮಗುವಿಗೆ ಮೊಲೆಯೂಡುತ್ತಿರುವ ಭಂಗಿಯ ಚಿತ್ರವನ್ನು ಮುಖಪುಟದಲ್ಲಿ ಪ್ರಕಟಿಸಿ, ತಾಯಂದಿರನ್ನು ದಿಟ್ಟಿಸಿ ನೋಡಬೇಡಿ ಎಂಬ ಅರ್ಥದ ತಲೆಬರಹ ಕೊಟ್ಟಿತು. ದೊಡ್ಡ ವಿವಾದವೇ ಎದ್ದಿತು. ರೂಪದರ್ಶಿ ಆ ಮಗುವಿನ ತಾಯಿಯಲ್ಲ, ಇದು ಮಾರಾಟದ ತಂತ್ರ ಎಂದು ಹಲವರು ಆಕ್ಷೇಪಿಸಿದರು. ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿತು. ಆ ಚಿತ್ರದಲ್ಲಿ ಅಶ್ಲೀಲತೆ ಇಲ್ಲವೆಂದು ಕೇರಳ ಹೈಕೋರ್ಟ್ ಹೇಳಿತು. ಈ ಗದ್ದಲದಲ್ಲಿ ಗಮನಿಸಬೇಕಾದ ಅಂಶವೆಂದರೆ, ಜಗಳ ನಡೆದದ್ದು ಚಿತ್ರದ ಬಗೆಗೆ. ತಲೆಬರಹದಲ್ಲಿದ್ದ ನೇರ ಪದ ದೊಡ್ಡ ಸಂಗತಿಯೇ ಆಗಲಿಲ್ಲ.

ಮುಸುಕಿನ ಮೇಲೆ ಮುಸುಕು

ಹಾಗಾದರೆ ಕನ್ನಡದಲ್ಲಿ ಏನಾಯಿತು? ಒಂದು ಪದವನ್ನು ಬೈಗುಳಕ್ಕೂ ಪೋಲಿ ಮಾತಿಗೂ ಬಳಸುತ್ತ ಹೋದಂತೆ ಮರ್ಯಾದಸ್ಥರು ಅದನ್ನು ಬಿಡುತ್ತಾರೆ. ಮರ್ಯಾದಸ್ಥರು ಬಿಟ್ಟಂತೆಲ್ಲ ಅದು ಪೋಲಿಗಳ ಸ್ವತ್ತಾಗುತ್ತದೆ. ಅದರ ಜಾಗಕ್ಕೆ ಬಂದ ಹೊಸ ಪದವೂ ಕೆಲಕಾಲದಲ್ಲಿ ಹಳೆಯದರ ನಾಚಿಕೆಯನ್ನೇ ಅಂಟಿಸಿಕೊಳ್ಳುತ್ತದೆ. ಆಗ ಮತ್ತೊಂದು ಪದ ಬೇಕಾಗುತ್ತದೆ. ಭಾಷಾವಿಜ್ಞಾನಿ ಸ್ಟೀವನ್ ಪಿಂಕರ್ 1994ರಲ್ಲಿ ಈ ಕ್ರಿಯೆಯನ್ನು ಎಷ್ಟು ನಡೆದರೂ ಇದ್ದಲ್ಲೇ ಇರಿಸುವ ತುಳಿಯಂತ್ರಕ್ಕೆ ಹೋಲಿಸಿದರು. ಗಾಣದ ಎತ್ತಿನ ನಡಿಗೆ ಎಂದರೆ ನಮಗೆ ಬೇಗ ಅರ್ಥವಾದೀತು.

ಕನ್ನಡದಲ್ಲಿ ಈ ನಡಿಗೆಯ ಹೆಜ್ಜೆಗಳು ಸ್ಪಷ್ಟವಾಗಿವೆ. ಮೊದಲು ‘ಮೊಲೆ’ಯ ಜಾಗಕ್ಕೆ ‘ಎದೆ’ ಬಂತು, ಮೊಲೆಹಾಲು ಎದೆಹಾಲಾಯಿತು. ಸರ್ಕಾರಿ ಕಾಗದಪತ್ರಗಳಿಗೆ ‘ಸ್ತನ್ಯಪಾನ’ ಬಂತು. ಪ್ರತಿ ವರ್ಷ ಆಗಸ್ಟ್ 1ರಿಂದ 7ರವರೆಗೆ ಆಸ್ಪತ್ರೆಗಳಲ್ಲಿ ಆಚರಿಸುವುದು ‘ವಿಶ್ವ ಸ್ತನ್ಯಪಾನ ಸಪ್ತಾಹ’. 1992ರಲ್ಲಿ ಆರಂಭವಾದ ಈ ಆಚರಣೆಯ ಹೆಸರನ್ನು ಗೋಡೆಯ ಮೇಲೆ ಓದಿದ ಎಷ್ಟೋ ತಾಯಂದಿರು ಅದನ್ನು ತಮ್ಮ ಮಾತಿನಲ್ಲಿ ಒಮ್ಮೆಯೂ ಬಳಸುವುದಿಲ್ಲ. ನಗರದ ಮನೆಗಳಲ್ಲಿ ಈಗ ‘ಫೀಡಿಂಗ್’ ಬಂದಿದೆ. ಮದರ್ ಫೀಡ್, ಟಾಪ್ ಫೀಡ್, ಫೀಡಿಂಗ್ ನೈಟಿ ಎಂಬ ಮಾತುಗಳು ಹಳ್ಳಿಯ ಅಂಗಡಿಗಳಿಗೂ ತಲುಪಿವೆ. ಅಲ್ಲಿಯೂ ಇಂಗ್ಲಿಷಿನ ಮೂಲ ಪದದಲ್ಲಿದ್ದ ‘ಬ್ರೆಸ್ಟ್’ ದಾರಿಯಲ್ಲೇ ಉದುರಿಹೋಗಿದೆ.

ಮುಸುಕು ಯಾವಾಗಲೂ ನಾಚಿಕೆಯದ್ದೇ ಆಗಬೇಕಿಲ್ಲ, ಭಕ್ತಿಯದ್ದೂ ಆಗಬಹುದು. ತಾಯಿಯ ಹಾಲು ಅಮೃತ ಎನ್ನುವ ಭಿತ್ತಿಪತ್ರಗಳು ಎಲ್ಲೆಡೆ ಕಾಣುತ್ತವೆ. ಎದೆಹಾಲಿನ ಪ್ರಚಾರಕ್ಕಾಗಿ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಆರಂಭಿಸಿದ ಕಾರ್ಯಕ್ರಮದ ಹೆಸರು ‘ಮಾ’. ‘ಮದರ್ಸ್ ಅಬ್ಸಲ್ಯೂಟ್ ಅಫೆಕ್ಷನ್’ ಎಂಬುದರ ಸಂಕ್ಷಿಪ್ತ ರೂಪ. ತಾಯಿ ಇದ್ದಾಳೆ, ವಾತ್ಸಲ್ಯ ಇದೆ. ಹಾಲೂ ಇಲ್ಲ, ಮೊಲೆಯೂ ಇಲ್ಲ.

ಪದಗಳು ಹೀಗೆ ಮೂಲವನ್ನು ಮರೆಸಿ ಗೌರವ ಪಡೆಯುವುದೂ ಉಂಟು. ಆಸ್ಪತ್ರೆಯ ‘ದಾದಿ’ ಎಂಬ ಪದ ಸಂಸ್ಕೃತದ ‘ಧಾತ್ರಿ’ಯಿಂದ ಬಂದದ್ದು; ಬೇರೆಯವರ ಮಗುವಿಗೆ ಮೊಲೆಯೂಡಿ ಸಾಕುವವಳು ಎಂಬುದು ಅದರ ಹಳೆಯ ಅರ್ಥ. ಇಂಗ್ಲಿಷಿನ ‘ನರ್ಸ್’ ಕೂಡ ಹಾಲೂಡಿಸುವ ಅರ್ಥದ ಲ್ಯಾಟಿನ್ ಪದದಿಂದಲೇ ಹೊರಟಿತು. ಮಗುವಿಗೆ ಮೊಲೆ ಕೊಡುವವಳ ಹೆಸರೇ ರೋಗಿಯ ಆರೈಕೆ ಮಾಡುವವಳ ಹೆಸರಾಯಿತು.

ಮುಜುಗರ ಯಾರಿಗೆ, ಏಕೆ?

ಇನ್ನು ಮುದ್ದು ಮಾತಿನ ಪ್ರಶ್ನೆ. ಅದರ ಪರವಾಗಿ ಹೇಳಬಹುದಾದ ಮಾತುಗಳು ಕಡಿಮೆಯೇನಿಲ್ಲ. ಮಗುವಿಗೆ ಉಚ್ಚರಿಸಲು ಸುಲಭವಾದ ಪದವೊಂದು ಬೇಕು. ತಾಯಿ ಮಗುವಿನ ನಡುವಿನ ಸಲುಗೆಗೆ ಅದು ಹೊಂದುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಾತು ಬಂದ ಮಗು ನಾಲ್ಕು ಜನರ ಮುಂದೆ ಹಾಲು ಕೇಳಿದಾಗ ಬೇರೆಯವರಿಗೆ ಅರ್ಥವಾಗದ ಪದವಿದ್ದರೆ ತಾಯಿಗೆ ನೆಮ್ಮದಿ. ಎಷ್ಟೋ ಮನೆಗಳ ಮುದ್ದಿನ ಪದ ಹುಟ್ಟಿದ್ದು ಈ ಕಾರಣಕ್ಕೆ. ಅದೊಂದು ಗುಟ್ಟಿನ ಸಂಕೇತ.

ಮುಜುಗರ ಪಡುವವರ ವಾದವೂ ಹುರುಳಿಲ್ಲದ್ದಲ್ಲ. ದೊಡ್ಡವರು ದೊಡ್ಡವರೊಂದಿಗೆ ಮಾತನಾಡುವಾಗ ತೊದಲು ಮಾತು ಬಂದರೆ ಕೇಳುವವರಿಗೆ ಕಸಿವಿಸಿಯಾಗುತ್ತದೆ. ಮೂವತ್ತು ವರ್ಷದ ಹೆಂಗಸು ಇನ್ನೊಬ್ಬ ಹೆಂಗಸಿಗೆ ‘ಪಾಪುಗೆ ಅಮ್ಮಿ ಆಯ್ತಾ?’ ಎಂದು ಕೇಳಿದರೆ, ಹೆತ್ತು ಹೊತ್ತು ನಿದ್ದೆಗೆಟ್ಟ ತಾಯಿಯೂ ಮಗುವಿನ ಮಟ್ಟಕ್ಕೆ ಇಳಿದಂತಾಗುತ್ತದೆ. ದಿನಕ್ಕೆ ಎಂಟು ಹತ್ತು ಬಾರಿ, ಹಗಲು ರಾತ್ರಿ ಎನ್ನದೆ ಮಾಡುವ ಮೈಮುರಿಯುವ ಕೆಲಸ ಆಟದಂತೆ ಕಾಣುತ್ತದೆ. ತೊದಲು ಮಾತಿನಲ್ಲಿ ಹೇಳಿದ ನೋವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಇದು ನಮ್ಮಲ್ಲಿ ಮಾತ್ರ ಇರುವ ಚರ್ಚೆಯಲ್ಲ. ಇಂಗ್ಲಿಷ್ ಮಾತನಾಡುವ ನಾಡುಗಳಲ್ಲಿಯೂ ‘ನಮ್ಮೀಸ್’, ‘ನರ್ಸೀಸ್’ ಎಂಬಂಥ ಪದಗಳನ್ನು ಬಳಸುವ ತಾಯಂದಿರಿದ್ದಾರೆ. ಅವನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ ಎನ್ನುವ ತಾಯಂದಿರೂ ಇದ್ದಾರೆ. ಬ್ರಿಟನ್ನಿನ ‘ಲಿಟಲ್ ಬ್ರಿಟನ್’ ಎಂಬ ದೂರದರ್ಶನದ ಹಾಸ್ಯ ಸರಣಿಯಲ್ಲಿ ಬೆಳೆದು ನಿಂತ ಮಗನೊಬ್ಬ ‘ಬಿಟ್ಟಿ’ ಎಂಬ ತೊದಲು ಮಾತಿನಿಂದ ತಾಯಿಯ ಹಾಲು ಕೇಳುವ ದೃಶ್ಯಗಳಿದ್ದವು. ಆ ಬಳಿಕ ಆ ಪದ ಅಲ್ಲಿ ಗೇಲಿಯ ಮಾತಾಗಿಬಿಟ್ಟಿತು. ಮುದ್ದಿನ ಪದ ಮನೆಯ ಹೊಸ್ತಿಲು ದಾಟಿದರೆ ನಗೆಪಾಟಲಾಗಲು ಹೆಚ್ಚು ಹೊತ್ತು ಬೇಕಿಲ್ಲ.

ಹಾಗೆ ನೋಡಿದರೆ ತಪ್ಪು ಮುದ್ದು ಮಾತಿನದ್ದಲ್ಲ. ಊಟಕ್ಕೆ ‘ಬುವ್ವ’ ಎನ್ನುತ್ತೇವೆ. ದೊಡ್ಡವರ ನಡುವೆ ‘ಊಟ’ ಎಂಬ ಪದ ಇದ್ದೇ ಇದೆ. ನಿದ್ದೆಗೆ ‘ತಾಚಿ’ ಎನ್ನುತ್ತೇವೆ. ‘ನಿದ್ದೆ’ ಎಲ್ಲಿಗೂ ಹೋಗಿಲ್ಲ. ಮೊಲೆಯೂಡುವುದರ ವಿಷಯದಲ್ಲಿ ಮಾತ್ರ ದೊಡ್ಡವರ ಪದವನ್ನು ಅಟ್ಟಿಬಿಟ್ಟು, ಮಗುವಿನ ಪದದಿಂದಲೇ ದೊಡ್ಡವರ ವ್ಯವಹಾರವನ್ನೂ ನಡೆಸಲು ಹೊರಟಿದ್ದೇವೆ. ಕಸಿವಿಸಿ ಹುಟ್ಟುವುದು ಅಲ್ಲಿ.

ಪದವಿಲ್ಲದ ನಷ್ಟ

ಪದ ಯಾವುದಾದರೇನು, ಮಗುವಿಗೆ ಹಾಲು ಸಿಕ್ಕರೆ ಸಾಲದೇ ಎಂದು ಕೇಳಬಹುದು. ಸಾಲದು ಎನ್ನಲು ಕಾರಣಗಳಿವೆ.

ಕನ್ನಡದ ‘ಎದೆ’ ಬಹಳ ವಿಶಾಲವಾದ ಪದ. ಅದು ಗಂಡಸಿಗೂ ಇದೆ, ಹೆಂಗಸಿಗೂ ಇದೆ. ಧೈರ್ಯಕ್ಕೂ ಅದೇ, ದುಃಖಕ್ಕೂ ಅದೇ. ಬಾಣಂತಿಯೊಬ್ಬಳು ‘ಎದೆ ನೋವು’ ಎಂದರೆ ಅದು ಹೃದಯದ ನೋವೇ, ಕಫ ಕಟ್ಟಿದ್ದೇ, ಹಾಲು ಕಟ್ಟಿಕೊಂಡು ಬಾವು ಬಂದಿದ್ದೇ, ತೊಟ್ಟು ಬಿರಿದದ್ದೇ ಎಂಬುದನ್ನು ವೈದ್ಯರು ಬಿಡಿಸಿ ಕೇಳಬೇಕು. ಕೇಳುವವರು ಗಂಡಸಾದರೆ, ಜೊತೆಯಲ್ಲಿ ಮಾವನೋ ಮೈದುನನೋ ಇದ್ದರೆ ಆ ಉತ್ತರ ಬರುವುದೇ ಇಲ್ಲ. ಹಾಲು ಕಟ್ಟಿಕೊಂಡ ಆರಂಭದಲ್ಲೇ ಮಗುವಿಗೆ ಸರಿಯಾಗಿ ಕುಡಿಸುವುದು, ಹಿಂಡಿ ತೆಗೆಯುವುದು ಮುಂತಾದ ಉಪಚಾರಗಳಿಂದ ಗುಣವಾಗುವ ತೊಂದರೆ, ತಡಮಾಡಿದರೆ ಕೀವಾಗಿ ಕೊಯ್ಯಿಸಿಕೊಳ್ಳುವ ಹಂತ ತಲುಪಬಹುದು. ಮೊಲೆಯಲ್ಲಿ ಗಂಟು ಕಾಣಿಸಿಕೊಂಡಾಗ ಹೇಳಿಕೊಳ್ಳಲು ಪದವಿಲ್ಲದೆ ಸುಮ್ಮನಿರುವುದಂತೂ ಇನ್ನೂ ಅಪಾಯ.

ಎರಡನೆಯದು ಹುಟ್ಟಿದ ಮಗುವಿನ ಮೊದಲ ಗಂಟೆಯ ಪ್ರಶ್ನೆ. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಮೊಲೆಗೆ ಹಾಕಬೇಕು, ಆರು ತಿಂಗಳವರೆಗೆ ತಾಯಿಯ ಹಾಲನ್ನು ಬಿಟ್ಟು ಬೇರೇನನ್ನೂ ಕೊಡಬಾರದು, ಆಮೇಲೆ ಬೇರೆ ಆಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಮುಂದೆ ಹಾಲು ಮುಂದುವರಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿವೆ. ಆದರೆ ಮೊದಲ ಗಂಟೆಯೊಳಗೆ ತಾಯಿಯ ಹಾಲು ಸಿಕ್ಕಿದ್ದು ಶೇ 41.8ರಷ್ಟು ಮಕ್ಕಳಿಗೆ ಮಾತ್ರ. ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ತಾಯಿಯ ಹಾಲು ಕುಡಿಯುತ್ತಿದ್ದವರು ಶೇ 63.7. ಇದಕ್ಕೆ ಶಸ್ತ್ರಚಿಕಿತ್ಸೆಯ ಹೆರಿಗೆಗಳು, ಸಿಬ್ಬಂದಿಯ ಕೊರತೆ, ಮೊದಲ ಹಳದಿ ಹಾಲನ್ನು ಚೆಲ್ಲಿ ಜೇನು, ಸಕ್ಕರೆ ನೀರು ಕೊಡುವ ರೂಢಿ ಹೀಗೆ ಅನೇಕ ಕಾರಣಗಳಿವೆ. ಎಲ್ಲವನ್ನೂ ಪದದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಹಸುವಿನ ಗಿಣ್ಣು ಹಾಲಿಗೆ ಹೆಸರು, ರುಚಿ, ಅಡುಗೆ ಎಲ್ಲವೂ ಗೊತ್ತಿರುವ ಮನೆಯಲ್ಲಿ ತಾಯಿಯ ಮೊದಲ ಹಾಲಿಗೆ ರೂಢಿಯ ಹೆಸರೇ ಇಲ್ಲವೆಂದರೆ, ಅದನ್ನು ಚೆಲ್ಲಬೇಡಿ ಎಂದು ಆಶಾ ಕಾರ್ಯಕರ್ತೆ ತಿಳಿಸಿ ಹೇಳುವುದಾದರೂ ಹೇಗೆ?

ಮೂರನೆಯದು ಕೆಲಸದ ಜಾಗ. ಕುಡುಮಲಕುಂಟೆಯಂಥ ಕೈಗಾರಿಕಾ ಪ್ರದೇಶಗಳಲ್ಲಿ, ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಚಿಕ್ಕ ಮಕ್ಕಳ ತಾಯಂದಿರಿದ್ದಾರೆ. ಹೆರಿಗೆ ರಜೆ ಮುಗಿಸಿ ಬಂದ ತಾಯಿಗೆ, ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲುಣಿಸುವ ಬಿಡುವು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆ ಹೇಳಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುವಿಹಾರ ಇರಬೇಕು, ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ತಾಯಿಗೆ ಅವಕಾಶವಿರಬೇಕು ಎಂದು 2017ರ ತಿದ್ದುಪಡಿ ಸೇರಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಅಂಶಗಳನ್ನು ಉಳಿಸಿಕೊಂಡಿದೆ. ಕಾನೂನು ಕೊಟ್ಟದ್ದನ್ನು ತಾಯಿ ಬಾಯಿಬಿಟ್ಟು ಕೇಳಬೇಕು. ಸಾಲು ಮೇಲ್ವಿಚಾರಕನ ಮುಂದೆ, ಹೊಲಿಗೆ ಯಂತ್ರಗಳ ಸದ್ದಿನ ನಡುವೆ, ಸುತ್ತ ಇಪ್ಪತ್ತು ಜನ ಕಿವಿಗೊಟ್ಟಿರುವಾಗ ಯಾವ ಪದದಿಂದ ಕೇಳುವುದು? ಸ್ತನ್ಯಪಾನ ಎಂದರೆ ನಗುತ್ತಾರೆ, ಮನೆಯ ಮುದ್ದು ಮಾತು ಬಾಯಿಗೆ ಬರುವುದಿಲ್ಲ. ‘ಹೊಟ್ಟೆನೋವು ಸಾರ್’ ಎಂಬ ಸುಳ್ಳು ಸುಲಭ. ಹಕ್ಕು ಹೀಗೆ ನೆಪವಾಗಿಬಿಡುತ್ತದೆ.

ನ್ಯಾಯಾಲಯಗಳು ಆಡಿದ ನೇರ ಮಾತು

ಈ ಹಕ್ಕಿನ ಬಗೆಗೆ ಅತ್ಯಂತ ಸ್ಪಷ್ಟವಾಗಿ ಮಾತನಾಡಿದ್ದು ನಮ್ಮದೇ ರಾಜ್ಯದ ಹೈಕೋರ್ಟ್. ಬೆಂಗಳೂರಿನ ಆಸ್ಪತ್ರೆಯೊಂದರಿಂದ 2020ರಲ್ಲಿ ಹಸುಗೂಸೊಂದು ಕಳುವಾಗಿತ್ತು. ಪೊಲೀಸರು ಅದನ್ನು ಪತ್ತೆ ಮಾಡುವ ಹೊತ್ತಿಗೆ ಉತ್ತರ ಕರ್ನಾಟಕದ ದಂಪತಿಯ ಮಡಿಲಲ್ಲಿ ಅದು ಬೆಳೆಯುತ್ತಿತ್ತು. ಮಗು ಹೆತ್ತವಳದೋ, ಸಾಕಿದವಳದೋ ಎಂಬ ಪ್ರಶ್ನೆ ಹೈಕೋರ್ಟಿನ ಮುಂದೆ ಬಂತು. 2021ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ಹೆತ್ತ ತಾಯಿಯ ಪರವಾಗಿ ತೀರ್ಪು ನೀಡಿದರು. ಮೊಲೆಯೂಡುವುದು ತಾಯಿಯಿಂದ ಕಸಿಯಲಾಗದ ಹಕ್ಕು, ಮೊಲೆಯುಣ್ಣುವುದು ಶಿಶುವಿನ ಹಕ್ಕು. ಎರಡನ್ನೂ ಸಂವಿಧಾನದ 21ನೇ ವಿಧಿ ಕಾಪಾಡುತ್ತದೆ ಎಂಬುದು ತೀರ್ಪಿನ ಸಾರ. ಸಾಕಿದ ತಾಯಿ ಮಗುವನ್ನು ಹೆತ್ತವಳ ಕೈಗೊಪ್ಪಿಸಿದಳು. ಬಂದು ನೋಡಿಹೋಗಲು ಹೆತ್ತವಳು ಒಪ್ಪಿದಳು.

2025ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಸಾರ್ವಜನಿಕ ಸ್ಥಳಗಳಲ್ಲಿ ಹಾಲುಣಿಸುವ ಕೋಣೆಗಳ ವ್ಯವಸ್ಥೆಯ ಕುರಿತ ಅರ್ಜಿಯನ್ನು ಇತ್ಯರ್ಥಪಡಿಸಿತು. ಸಾರ್ವಜನಿಕ ಸ್ಥಳದಲ್ಲಾಗಲಿ, ಕೆಲಸದ ಜಾಗದಲ್ಲಾಗಲಿ ಹಾಲುಣಿಸುವುದನ್ನು ಕಳಂಕವೆಂಬಂತೆ ನೋಡಬಾರದು ಎಂದು ಪೀಠ ನಾಗರಿಕರಿಗೂ ನೆನಪಿಸಿತು. ಕೋಣೆ ಬೇಕು, ನಿಜ. ಆದರೆ ಆ ಕೋಣೆ ಎಲ್ಲಿದೆ ಎಂದು ಕೇಳಲೂ ಒಂದು ಪದ ಬೇಕಲ್ಲವೇ?

ಯಾವ ಪದವಾದೀತು?

‘ಮೊಲೆ’ಯನ್ನು ಮತ್ತೆ ಬೀದಿಗೆ ತಂದು ಎಲ್ಲರೂ ಗಟ್ಟಿಯಾಗಿ ಹೇಳಿ ಎಂದು ಆಜ್ಞೆ ಮಾಡಿದರೆ ಅದು ನಡೆಯುವ ಮಾತಲ್ಲ. ಪದಗಳು ಆಜ್ಞೆಯಿಂದ ತಿರುಗಿ ಬರುವುದಿಲ್ಲ. ಆದರೆ ಕನ್ನಡದಲ್ಲಿ ನಡುದಾರಿಯ ಮಾತುಗಳಿವೆ. ‘ಹಾಲುಣಿಸು’ ಎಂಬುದು ಎಲ್ಲರಿಗೂ ತಿಳಿಯುವ, ಹಿರಿಯರ ಮುಂದೆಯೂ ಆಡಬಹುದಾದ ಮಾತು. ‘ತಾಯಿಯ ಹಾಲು’ ಎಂಬುದಕ್ಕೂ ಅದೇ ಮರ್ಯಾದೆ. ಶಿಶು ಆಹಾರದ ಡಬ್ಬಿಗಳ ಮೇಲೆ ತಾಯಿಯ ಹಾಲೇ ಮಗುವಿಗೆ ಶ್ರೇಷ್ಠ ಎಂಬ ಅರ್ಥದ ಎಚ್ಚರಿಕೆ ಇರಲೇಬೇಕೆಂದು, ಹಸುಳೆಗಳ ಚಿತ್ರ ಇರಬಾರದೆಂದು 1992ರ ಕಾಯ್ದೆ ವಿಧಿಸಿದಾಗ ಅದೂ ಆರಿಸಿಕೊಂಡದ್ದು ‘ತಾಯಿಯ ಹಾಲು’ ಎಂಬ ಮಾತನ್ನೇ. ದಿನನಿತ್ಯದ ವ್ಯವಹಾರಕ್ಕೆ, ಮೇಲ್ವಿಚಾರಕನ ಮುಂದೆ ಬಿಡುವು ಕೇಳುವುದಕ್ಕೆ ಇಷ್ಟು ಸಾಕು.

ಆಸ್ಪತ್ರೆಯಲ್ಲಿ ಮಾತ್ರ ಇದು ಸಾಲದು. ನೋವು, ಬಾವು, ಗಂಟುಗಳ ವಿಷಯದಲ್ಲಿ ಮೈಯ ಭಾಗವನ್ನು ಅದರ ಹೆಸರಿನಿಂದಲೇ ಹೇಳಬೇಕು. ಅಲ್ಲಿ ವೈದ್ಯರು, ದಾದಿಯರು ಮೊದಲು ಆ ಪದವನ್ನು ಅಳುಕಿಲ್ಲದೆ ಆಡಿದರೆ ಬಾಣಂತಿಗೂ ಬಾಯಿ ಬರುತ್ತದೆ. ಹಸುವಿನ ವೈದ್ಯರು ಕೇಳುವಷ್ಟು ಸಹಜವಾಗಿ ಮನುಷ್ಯರ ವೈದ್ಯರೂ ಕೇಳಿದರೆ ಅರ್ಧ ಕೆಲಸ ಆದಂತೆ.

ಮುದ್ದು ಮಾತನ್ನು ಮಗುವಿಗೇ ಬಿಟ್ಟುಕೊಡೋಣ. ಅದು ಅಲ್ಲಿ ಚೆಂದ, ಸಾವಿರ ವರ್ಷದಿಂದಲೂ ಚೆಂದ. ವಿದುರಾಶ್ವತ್ಥದ ನಾಗರಕಲ್ಲುಗಳ ಮುಂದೆ ಮಗು ಬೇಕೆಂದು ಎಲ್ಲರೆದುರು ಕೈಮುಗಿಯುವುದಕ್ಕೆ, ಕಲ್ಲಿನ ಮೇಲೆ ಹಾಲೆರೆಯುವುದಕ್ಕೆ ಯಾವ ಹೆಂಗಸೂ ನಾಚುವುದಿಲ್ಲ. ಬೇಡಿ ಪಡೆದ ಮಗು ಅದೇ ದಾರಿಯ ಬಸ್ಸಿನಲ್ಲಿ ಹಸಿದು ಅತ್ತಾಗ, ‘ಸ್ವಲ್ಪ ಜಾಗ ಬಿಡಿ, ಮಗೀಗೆ ಹಾಲುಣಿಸಬೇಕು’ ಎಂದು ಆಕೆ ಕೇಳುವಂತಾಗಬೇಕು. ಕೇಳಿದವರು ನಗದೆ ಎದ್ದು ಜಾಗ ಬಿಡುವಂತಾಗಬೇಕು.